ಸಾವಿರ ಸಿಸಿಯ ಸಿಟ್ಟು

"ಆ ಕೀ ಇಲ್ಲಿ ಕೊಡಿ."

"ಯಾಕೆ?"

"ಈ ಗಾಡಿ ನಿಮಗೆ ಮಾರಲ್ಲ."

ರೂ-ಪಿಂಗ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ದೊಡ್ಡ ಬೈಕುಗಳಿಗಷ್ಟೇ ಸಿಗುವ ಕೆಂಪು ನಂಬರ್ ಪ್ಲೇಟಿನ, ಸಾವಿರ ಸಿಸಿಯ ಕಪ್ಪು ಬೈಕಿನ ಮೇಲೆ ಕೂತು ಇನ್ನೂ ಎರಡು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲಿ ಗ್ರೀಸ್ ಮೆತ್ತಿದ ಕೈಯೊಂದು ಅವಳ ಮುಂದೆಯೇ ಚಾಚಿ, ಕೀಯನ್ನು ತಿರುಗಿಸಿ ಎಳೆದುಕೊಂಡುಬಿಟ್ಟಿತ್ತು!

"ನನ್ನ ದುಡ್ಡು ಖೋಟಾ ಅಂದ್ಕೊಂಡ್ರಾ?"

"ದುಡ್ಡಿನ ಮಾತಲ್ಲ."

"ಹಾಗಾದ್ರೆ ಹೆಂಗಸು ಅಂತಾನಾ? ಕುಳ್ಳಿ ಅಂತಾನಾ? ಹೇಳಿ, ಸಂಕೋಚ ಬೇಡ!"

ಮೆಕ್ಯಾನಿಕ್ ದೆ-ಶೆಂಗ್ ಹಳೇ ಬನಿಯನ್ ತುಂಡಿನಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಂಡ. ಆ ನಿಧಾನ ನೋಡಿಯೇ ರೂ-ಪಿಂಗ್‌ಗೆ ಮೈಯೆಲ್ಲಾ ಉರಿಯಿತು.

"ದಿನಾ ಎಲ್ಲಿಂದ ಎಲ್ಲಿಗೆ ಓಡಿಸ್ತೀರಿ?"

"ಮನೆಯಿಂದ ಬಂದರಿಗೆ. ಬಂದರಿನಿಂದ ಮನೆಗೆ."

"ದಾರೀಲಿ ಸಿಗ್ನಲ್ ಎಷ್ಟು?"

"ಇಪ್ಪತ್ತೇಳು."

"ಇಪ್ಪತ್ತೇಳು ಸಲ ನಿಮ್ಮ ತೊಡೆ ಸುಡುತ್ತೆ. ಇದು ಓಡೋಕೆ ಮಾಡಿದ ಗಾಡಿ, ನಿಲ್ಲೋಕಲ್ಲ. ಕಾವ್‌ಶ್ಯುಂಗ್‌ ಊರೊಳಗೆ ಇದಕ್ಕೆ ಎರಡನೇ ಗೇರ್ ಹಾಕೋಕೂ ಜಾಗ ಸಿಗಲ್ಲ. ಅಗೋ, ಆ ಮೂಲೇಲಿದೆಯಲ್ಲ ನೀಲಿದು, ಐನೂರು ಸಿಸಿ... ಅದನ್ನ ನೋಡಿ."

"ಅದು ಕಲಿಯೋರ ಗಾಡಿ!"

"ಊರಲ್ಲಿ ಓಡಾಡೋರ ಗಾಡಿ."

"ನೋಡಿ, ಹನ್ನೊಂದು ವರ್ಷ ಒಂದೇ ಸ್ಕೂಟರ್ ಓಡಿಸಿದೀನಿ. ಇದು ನನ್ನ ಎರಡನೇ ಗಾಡಿ. ಇದಕ್ಕೆ ಶಕ್ತಿ ಇರ್ಬೇಕು. ನಾನು ದಿನಾ ನಲವತ್ತು ಟನ್ ಎತ್ತೋಳು ಕಣ್ರೀ! ಇನ್ನೂರು ಕಿಲೋ ಬೈಕಿಗೆ ಹೆದರ್ತೀನಾ?"

ದೆ-ಶೆಂಗ್ ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದ.

"ಕ್ರೇನಾ?"

"ಕ್ರೇನೇ! ಬಂದರಿನ ದೊಡ್ಡ ಕ್ರೇನು!"

"ಅಷ್ಟು ಎತ್ತರದಲ್ಲಿ ನಿಮ್ಮನ್ನ ನೋಡೋರು ಯಾರಿರ್ತಾರೆ?"

"ಯಾರೂ ಇಲ್ಲ. ಯಾಕೆ?"

"ಮತ್ತೆ ಇದನ್ನ ಯಾರಿಗೆ ತೋರಿಸೋಕೆ ತಗೊಳ್ತಿದೀರಿ?"

ರೂ-ಪಿಂಗ್ ಬೈಕಿನಿಂದ ಇಳಿದಳು. ಹೆಲ್ಮೆಟ್ ಎತ್ತಿಕೊಂಡಳು. ಅಳು ಬರ್ತಿದೆಯಾ? ಛೆ, ಇವನ ಮುಂದಾ!

"ನಿಮ್ಮ ಅಂಗಡಿಗೆ ಬೀಗ ಬೀಳ್ಲಿ!" ಎಂದವಳೇ ಹೊರಟುಹೋದಳು.

ಒಳಕೋಣೆಯಿಂದ ಅಂಗಡಿಯ ಒಡತಿ ಹ್ವಾ ಅತ್ತೆ ಪರಂಗಿ ಹಣ್ಣು ಬೆರೆಸಿದ ಹಾಲಿನ ಲೋಟ ಹಿಡಿದುಕೊಂಡೇ ಓಡಿ ಬಂದರು. "ಅಯ್ಯೋ ಪುಣ್ಯಾತ್ಮ! ಇನ್ನು ಹತ್ತು ದಿನಕ್ಕೆ ಭೂತಗಳ ತಿಂಗಳು ಶುರುವಾಗುತ್ತೆ, ಆಮೇಲೆ ಅಶುಭ ಅಂತ ತಿಂಗಳಿಡೀ ಒಬ್ಬರೂ ಹೊಸ ಗಾಡಿ ಮುಟ್ಟಲ್ಲ. ಬಂದ ಗಿರಾಕೀನ ಹೀಗೆ ಅಟ್ತೀಯಲ್ಲೋ! ನೀನು ನನ್ನ ಅಣ್ಣನ ಮಗ ಆಗಿರದಿದ್ರೆ ನಿನ್ನನ್ನೇ ಮೊದಲು ಅಟ್ತಿದ್ದೆ!"

ದೆ-ಶೆಂಗ್ ಅವಳು ಹೋದ ದಿಕ್ಕಿಗೇ ನೋಡುತ್ತ ನಿಂತಿದ್ದ.

ಮರುದಿನ ನಲವತ್ತು ಮೀಟರ್ ಎತ್ತರದ ಕ್ಯಾಬಿನ್ನಿನಲ್ಲಿ ಕೂತು ಕಂಟೇನರ್‌ಗಳನ್ನು ಹಡಗಿನಿಂದ ಲಾರಿಗೆ ಇಳಿಸುತ್ತಿದ್ದ ರೂ-ಪಿಂಗ್‌ಗೆ ಆ ಒಂದು ಪ್ರಶ್ನೆ ಬಿಟ್ಟರೆ ಬೇರೇನೂ ನೆನಪಿಗೆ ಬರಲಿಲ್ಲ.

ಯಾರಿಗೆ ತೋರಿಸೋಕೆ?

ಉತ್ತರ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಅಷ್ಟು ಸಿಟ್ಟು!

ಜೀ-ಯುವಾನ್. ನಾಲ್ಕು ವರ್ಷ ಅವಳ ಜೊತೆಗಿದ್ದು, ಮದುವೆಗೆ ಮುಂಚಿನ ಫೋಟೋ ತೆಗೆಸುವ ದಿನ ನಿಗದಿಯಾದ ಮೇಲೆ ಕೈ ಬಿಟ್ಟವನು. ಅವನ ಹತ್ತಿರ ಒಂಬೈನೂರು ಸಿಸಿಯ ಬೈಕ್ ಇತ್ತು, ವಾರದ ಕೊನೆಗೆ ಸವಾರಿ ಹೋಗುವ ಗೆಳೆಯರ ಗುಂಪಿತ್ತು. ನಾಲ್ಕು ವರ್ಷ ಅವಳು ಹಿಂದೆ ಕೂತಿದ್ದಳು. ಒಮ್ಮೆ "ನಾನು ಓಡಿಸ್ಲಾ?" ಎಂದು ಕೇಳಿದಾಗ ಅವನು ಎಲ್ಲರ ಮುಂದೆ ನಕ್ಕಿದ್ದ.

"ರೂ-ಪಿಂಗ್ ಹಿಂದಿನ ಸೀಟಿಗೆ ಹೇಳಿ ಮಾಡಿಸಿದ ಹಾಗಿದಾಳೆ. ಅಕ್ಕಿ ಮೂಟೆ ಥರ, ಅಲ್ಲಾಡೋದೇ ಇಲ್ಲ!"

ಹನ್ನೆರಡು ಜನ ಗೆಳೆಯರು ನಕ್ಕಿದ್ದರು. ಅವಳೂ ನಕ್ಕಿದ್ದಳು! ಆ ನಗುವಿಗಾಗಿ ಇವತ್ತಿಗೂ ಅವಳು ತನ್ನನ್ನು ಕ್ಷಮಿಸಿಕೊಂಡಿಲ್ಲ.

ಅವನು ಬಿಟ್ಟುಹೋದ ಮೂರೇ ತಿಂಗಳಲ್ಲಿ ದೊಡ್ಡ ಬೈಕಿನ ಲೈಸೆನ್ಸ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದಳು. ಒಂಬೈನೂರಕ್ಕಿಂತ ದೊಡ್ಡದು ಬೇಕು. ಅಷ್ಟೇ ಅವಳ ಲೆಕ್ಕ. ಸಿಗ್ನಲ್‌ನಲ್ಲಿ ಒಂದು ದಿನ ಅವನ ಪಕ್ಕ ನಿಲ್ಲಬೇಕು, ಹಸಿರು ಬಿದ್ದ ಕೂಡಲೇ ಅವನನ್ನು ಹಿಂದೆ ಹಾಕಿ ಹೋಗಬೇಕು...

ಆ ಗ್ರೀಸಿನ ಕೈಯವನಿಗೆ ಇದೆಲ್ಲ ಹೇಗೆ ಕಂಡಿತು? ಕಂಡರೂ ಬಾಯಿಬಿಟ್ಟು ಹೇಳುವ ಹಕ್ಕು ಅವನಿಗೆ ಯಾರು ಕೊಟ್ಟರು?

ಎರಡು ದಿನ ಬಿಟ್ಟು ಸಂಜೆ ಐದಕ್ಕೆ ಅವಳು ಮತ್ತೆ ಅಂಗಡಿಯ ಮುಂದೆ ನಿಂತಿದ್ದಳು.

"ಬೀಗ ಬಿದ್ದಿದೆಯಾ ಅಂತ ನೋಡೋಕೆ ಬಂದ್ರಾ?" ದೆ-ಶೆಂಗ್ ಕೇಳಿದ.

"ಜಗಳ ಅರ್ಧಕ್ಕೇ ನಿಂತಿತ್ತು. ಮುಗಿಸೋಕೆ ಬಂದೆ."

ಅವನು ಜಗಳಕ್ಕೆ ನಿಲ್ಲಲಿಲ್ಲ. ಜೇಬಿನಿಂದ ಕಪ್ಪು ಬೈಕಿನ ಕೀ ತೆಗೆದು ಅವಳ ಅಂಗೈಯಲ್ಲಿಟ್ಟ.

"ಒಂದು ಗಂಟೆ ಓಡಿಸಿ. ಇದೇ ಹೊತ್ತಲ್ಲಿ, ಇದೇ ಟ್ರಾಫಿಕ್‌ನಲ್ಲಿ. ನಾನು ಹಿಂದೆ ಸ್ಕೂಟರ್‌ನಲ್ಲಿ ಬರ್ತೀನಿ. ವಾಪಸ್ ಬಂದ ಮೇಲೂ ಇದೇ ಬೇಕು ಅಂದ್ರೆ ಮಾರ್ತೀನಿ. ಒಂದು ಮಾತೂ ಆಡಲ್ಲ."

'ಇದೇನು, ಇದ್ದಕ್ಕಿದ್ದಂತೆ ಇಷ್ಟು ಒಳ್ಳೆಯವನಾದ?' ರೂ-ಪಿಂಗ್‌ಗೆ ಅನುಮಾನ ಬಂತು. ಆದರೂ ಕೀ ಕೈಯಲ್ಲಿತ್ತಲ್ಲ!

ಕೆಲಸ ಬಿಟ್ಟು ಮನೆಗೆ ಹೊರಟ ಸ್ಕೂಟರ್‌ಗಳು ಜೇನುಹುಳಗಳಂತೆ ಸುತ್ತುವರಿದವು. ಕಪ್ಪು ಬೈಕ್ ಕೆಳಗೆ ಗುರುಗುಟ್ಟುತ್ತಿತ್ತು. ಹಿಡಿ ಸ್ವಲ್ಪ ತಿರುವಿದರೆ ಮುಂದಿನ ಬಸ್ಸಿಗೇ ಗುದ್ದುವ ಹಾಗೆ ನೆಗೆಯುತ್ತಿತ್ತು, ಬಿಟ್ಟರೆ ಜಗ್ಗುತ್ತಿತ್ತು. ನಾಲ್ಕನೇ ಸಿಗ್ನಲ್‌ಗೆ ಕ್ಲಚ್ ಹಿಡಿದ ಎಡಗೈ ಮರಗಟ್ಟಿತು. ಒಂಬತ್ತನೆಯದರಲ್ಲಿ ಎಂಜಿನ್ನಿನ ಕಾವು ಜೀನ್ಸ್ ದಾಟಿ ತೊಡೆಗೆ ತಗುಲಿತು.

ಅವಳು ಹಲ್ಲು ಕಚ್ಚಿದಳು. ಒಂದೇ ಒಂದು ಸಲವೂ ಕಾಲು ತಡವರಿಸಲಿಲ್ಲ, ಎಂಜಿನ್ ಆಫ್ ಆಗಲಿಲ್ಲ. ಇಕ್ಕಟ್ಟಿನ ಮಾರುಕಟ್ಟೆ ಬೀದಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ, ಬೈಕನ್ನು ಪೂರ್ತಿ ಹಿಂದಕ್ಕೆ ತಿರುಗಿಸಿಕೊಂಡು ಬಂದಳು. ಕ್ರೇನು ಕಲಿಸಿದ ಕೈ ಅದು. ಎಲ್ಲಿ ಎಷ್ಟು ಭಾರ ಇದೆಯೆಂದು ಅದಕ್ಕೆ ಗೊತ್ತು.

ಅಂಗಡಿಗೆ ವಾಪಸಾದಾಗ ದೆ-ಶೆಂಗ್ ಹೆಲ್ಮೆಟ್ ತೆಗೆದು, ಅವಳನ್ನು ಬೇರೆಯೇ ಕಣ್ಣಿನಿಂದ ನೋಡಿದ.

"ನನಗಿಂತ ಚೆನ್ನಾಗಿ ಓಡಿಸ್ತೀರಿ."

ರೂ-ಪಿಂಗ್ ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದಳು. ಸಿಕ್ಕಿದ್ದು ಹೊಗಳಿಕೆ.

"ಇ... ಇದೇ ಬೇಕು," ಎಂದಳು.

"ಸರಿ. ಫೋನ್ ನಂಬರ್ ಕೊಟ್ಟು ಹೋಗಿ, ಶನಿವಾರ ಬನ್ನಿ. ಅಷ್ಟರಲ್ಲಿ ಸೀಟು ಇಳಿಸಿ, ಕ್ಲಚ್ ನಿಮ್ಮ ಕೈಗೆ ಹೊಂದಿಸಿ ಇಡ್ತೀನಿ. ಎಲ್ಲಿ, ಅಂಗೈ ತೋರಿಸಿ."

ಅವನು ಅವಳ ಬೆರಳುಗಳ ಉದ್ದವನ್ನು ಸಣ್ಣ ಅಳತೆಪಟ್ಟಿಯಿಂದ ಅಳೆದ. ಮುಟ್ಟಿಯೂ ಮುಟ್ಟದ ಹಾಗೆ. ಆಮೇಲೆ ಡ್ರಾಯರಿನಿಂದ ಸುಟ್ಟಗಾಯದ ಮುಲಾಮಿನ ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟು, ಬೇರೆ ಕಡೆ ನೋಡುತ್ತಾ ಹೇಳಿದ.

"ತೊಡೆಗೆ... ಅಂದ್ರೆ, ಬೇಕಿದ್ರೆ. ನಾನೇನೂ ಕೇಳ್ತಿಲ್ಲ. ಮಾತಾಡಲ್ಲ ಅಂದಿದ್ದೀನಲ್ಲ."

ದಾರಿಯುದ್ದಕ್ಕೂ ರೂ-ಪಿಂಗ್ ಅವನನ್ನು ಮನಸ್ಸಿನಲ್ಲೇ ಬೈದಳು. ಆದರೆ ಯಾಕೋ ಬೈಗುಳದ ಮಧ್ಯೆ ನಗು ಬರುತ್ತಿತ್ತು!

ಆ ವಾರ ಅವಳ ಫೋನಿಗೆ ದಿನಾ ಒಂದೊಂದು ಮೆಸೇಜು. "ಸೀಟು ಎರಡು ಸೆಂಟಿಮೀಟರ್ ಇಳಿದಿದೆ." "ಕನ್ನಡಿ ಅಗಲ ಆಯ್ತು, ಸ್ಕೂಟರ್‌ಗಳಿಗೆ ತಾಗುತ್ತೆ. ಬದಲಾಯಿಸ್ಲಾ?" "ಊಟ ಆಯ್ತಾ? ತಪ್ಪಾಗಿ ಟೈಪ್ ಆಯ್ತು. ಕನ್ನಡಿ ಬಗ್ಗೆ ಹೇಳಿ."

ತಪ್ಪಾಗಿ ಯಾರಾದರೂ ಊಟ ಆಯ್ತಾ ಅಂತ ಟೈಪ್ ಮಾಡ್ತಾರಾ? ಅವಳು ಆ ಮೆಸೇಜನ್ನು ಕ್ಯಾಬಿನ್ನಿನಲ್ಲಿ ಕೂತು ಎಷ್ಟು ಸಲ ಓದಿದಳೋ!

ಶನಿವಾರ ಬಂತು. ರೂ-ಪಿಂಗ್ ಹೊಸ ಜಾಕೆಟ್ ಹಾಕಿಕೊಂಡು ಅಂಗಡಿಯ ಬಾಗಿಲಿಗೆ ಬಂದಳು. ಒಳಗಿನಿಂದ ಒಂದು ನಗು ಕೇಳಿಸಿತು.

ಆ ನಗು... ಅವಳ ಕಾಲುಗಳು ಅಲ್ಲಿಯೇ ನಿಂತವು.

ಜೀ-ಯುವಾನ್ ತನ್ನ ಒಂಬೈನೂರರ ಬೈಕಿಗೆ ಒರಗಿ ನಿಂತಿದ್ದ. ಅವಳನ್ನು ಕಂಡವನೇ ಹುಬ್ಬೇರಿಸಿದ.

"ಓಹೋ, ಬಂದಳಲ್ಲ! ದೆ-ಶೆಂಗ್, ಕೊನೆಗೂ ತಡೆಯೋಕಾಗ್ಲಿಲ್ವಾ ನಿನಗೆ? ಇವಳಿಗೆ ದೊಡ್ಡದು ಕೊಡ್ಬೇಡ, ಚಿಕ್ಕದು ಏನಾದ್ರೂ ಕೊಟ್ಟು ಕಳಿಸು ಅಂತ ಫೋನ್ ಮಾಡಿ ಹೇಳಿದ್ನಲ್ಲಯ್ಯ!"

ರೂ-ಪಿಂಗ್‌ಗೆ ಕಿವಿಯಲ್ಲಿ ಗುಂಯ್ ಎಂದಿತು.

ಕೀ ಕಿತ್ತುಕೊಂಡಿದ್ದು... ಐನೂರು ಸಿಸಿ ತೋರಿಸಿದ್ದು... ಯಾರಿಗೆ ತೋರಿಸೋಕೆ ಎಂದು ಕೇಳಿದ್ದು! ಎಲ್ಲವೂ ಇವನೇ ಹೇಳಿಕೊಟ್ಟಿದ್ದಾ?

"ಅಂದ್ರೆ ನೀವಿಬ್ರೂ ಸೇರ್ಕೊಂಡು ನನ್ನ ಮೇಲೆ ನಗ್ತಿದ್ರಿ!"

"ರೂ-ಪಿಂಗ್, ಒಂದು ನಿಮಿಷ..." ದೆ-ಶೆಂಗ್ ಮುಂದೆ ಬಂದ.

"ಬಾಯಿ ಮುಚ್ಚಿ! ಮಾತಾಡಲ್ಲ ಅಂದಿದ್ರಲ್ಲ, ಆಡ್ಬೇಡಿ! ನನ್ನ ಬೆರಳು ಅಳೆದ್ರಲ್ಲ, ಅದನ್ನೂ ಇವನಿಗೆ ಹೇಳಿ ನಕ್ಕಿರ್ತೀರಿ. ಊಟ ಆಯ್ತಾ ಅಂತ ಕೇಳಿದ್ದನ್ನೂ ಇವನೇ ಬರೆದುಕೊಟ್ಟಿದ್ನಾ? ಥೂ! ಇವನಾದ್ರೂ ಮುಖದ ಮೇಲೆ ಅವಮಾನ ಮಾಡ್ತಿದ್ದ. ನೀವು ಅಳತೆಪಟ್ಟಿ ಇಟ್ಕೊಂಡು ಮಾಡಿದ್ರಿ!"

ದೆ-ಶೆಂಗ್‌ನ ಮುಖ ಬಿಳುಚಿತು. ದವಡೆ ಬಿಗಿಯಿತು. ಆದರೆ ಅವನು ಒಂದಕ್ಷರವೂ ಆಡಲಿಲ್ಲ.

ಕಪ್ಪು ಬೈಕ್ ತೊಳೆದು ಒರೆಸಿ, ಹಿಡಿಗೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ನಿಂತಿತ್ತು. ಅದರತ್ತ ಕಣ್ಣೂ ಹಾಯಿಸದೆ ರೂ-ಪಿಂಗ್ ಹೊರಟುಬಿಟ್ಟಳು.

ಭೂತಗಳ ತಿಂಗಳು ಶುರುವಾಯಿತು. ತಿರುಗಿ ಬರುವ ಸತ್ತವರಿಗೆಂದು ಬೀದಿಬೀದಿಯಲ್ಲಿ ಜನ ಮೇಜು ಹಾಕಿ, ಹಣ್ಣು ಬಿಸ್ಕತ್ತು ಇಟ್ಟು, ಕಾಗದದ ಹಣ ಸುಟ್ಟರು. ರೂ-ಪಿಂಗ್‌ನ ಎದೆಯಲ್ಲಿ ಇನ್ನೂ ಹೆಚ್ಚು ಹೊಗೆಯಿತ್ತು.

ಹಟಕ್ಕೆ ಬಿದ್ದು ಊರಿನ ಇನ್ನೊಂದು ತುದಿಯ ದೊಡ್ಡ ಶೋರೂಮಿಗೆ ಹೋದಳು. ಟೈ ಕಟ್ಟಿದ ಮಾರಾಟಗಾರ ಅವಳು ಕೈ ತೋರಿಸಿದ್ದನ್ನೆಲ್ಲ ಹೊಗಳಿದ.

"ಮೇಡಂ, ಇದರ ಮೇಲೆ ನೀವು ಸಿನಿಮಾ ನಟಿ ಥರ ಕಾಣ್ತೀರಿ!"

"ಸಂಜೆ ಟ್ರಾಫಿಕ್‌ನಲ್ಲಿ ಕಾವು ಹೇಗಿರುತ್ತೆ?"

"ಅಯ್ಯೋ, ಏನೂ ಗೊತ್ತಾಗಲ್ಲ ಮೇಡಂ! ತಂಪು!"

"ಕ್ಲಚ್ ನನ್ನ ಕೈಗೆ ಸರಿಹೋಗುತ್ತಾ?"

ಅವನು ಅವಳ ಕೈ ನೋಡದೆಯೇ ಹೇಳಿದ. "ಪರ್ಫೆಕ್ಟ್!"

ಅವಳು ಎದ್ದು ಬಂದಳು. ದಾರಿಯಲ್ಲಿ ಇನ್ನಷ್ಟು ಸಿಟ್ಟು ಬಂತು. ಈ ಸಲ ತನ್ನ ಮೇಲೆಯೇ. ಇಷ್ಟು ದೊಡ್ಡ ಊರಿನಲ್ಲಿ ಸಿಗ್ನಲ್ ಎಷ್ಟಿದೆ ಎಂದು ಕೇಳಿದವನು ಒಬ್ಬನೇ... ಅವನೇ ಮೋಸಗಾರನಾಗಬೇಕಿತ್ತಾ?

ಆ ಶನಿವಾರ ಕಳೆದು ಹದಿನೆಂಟನೆಯ ದಿನ ಮಧ್ಯಾಹ್ನ, ಬಂದರಿನ ಗೇಟಿನಲ್ಲಿ ಯಾರೋ ಕಾಯುತ್ತಿದ್ದಾರೆಂದು ಹೇಳಿಕಳಿಸಿದರು. ಇಳಿದು ಬಂದು ನೋಡಿದರೆ ಹ್ವಾ ಅತ್ತೆ! ಒಂದು ಕೈಯಲ್ಲಿ ಬಿಸಿಲಿಗೆ ಛತ್ರಿ, ಇನ್ನೊಂದರಲ್ಲಿ ಊಟದ ಡಬ್ಬ.

"ಹಂದಿಮಾಂಸದ ಅನ್ನ. ಮೊದಲು ತಿನ್ನು, ಹೊಟ್ಟೆ ಹಸಿದಿದ್ರೆ ನಿನ್ನ ಸಿಟ್ಟು ಡಬಲ್ ಆಗುತ್ತೇನೋ," ಎಂದರು ಅತ್ತೆ.

"ಅತ್ತೆ, ಅವರ ಪರವಾಗಿ ಮಾತಾಡೋಕೆ ಬಂದಿದ್ರೆ..."

"ನನ್ನ ಪರವಾಗಿ ಬಂದಿದೀನಿ! ಹದಿನೆಂಟು ದಿನದಿಂದ ಮನೇಲಿ ಒಂದು ಕಂಬ ಓಡಾಡ್ತಿದೆ. ಉಣ್ಣಲ್ಲ, ಮಾತಾಡಲ್ಲ. ನಿನ್ನೆ ನನ್ನ ಅಕ್ಕಿ ಡಬ್ಬಿಗೆ ಎಂಜಿನ್ ಆಯಿಲ್ ಕೈ ಹಾಕಿದ! ಹೇಳು, ಆ ಜೀ-ಯುವಾನ್ ಫೋನ್ ಮಾಡಿದ್ದು ಯಾವಾಗ ಅಂತ ನಿನಗೆ ಗೊತ್ತಾ?"

"ನಾನು ಬರೋಕೆ ಮುಂಚೆ."

"ನೀನು ಬೀಗ ಬೀಳ್ಲಿ ಅಂತ ಶಾಪ ಹಾಕಿ ಹೋದ್ಯಲ್ಲ, ಅದರ ಮಾರನೇ ದಿನ! ಅವನ ಗುಂಪಿನವನೊಬ್ಬ ನಿನ್ನನ್ನ ಅಂಗಡೀಲಿ ನೋಡಿ ಹೇಳಿದ್ನಂತೆ. ಅವನು 'ಆ ಕುಳ್ಳಿಗೆ ದೊಡ್ಡದು ಕೊಡ್ಬೇಡ' ಅಂದಾಗ, ನಮ್ಮ ಹುಡುಗ ಏನಂದ ಗೊತ್ತಾ? 'ಅವಳ ಕೈ, ಅವಳ ಕಾಲು, ಅವಳ ಗಾಡಿ. ಸರ್ವಿಸಿಗೆ ಬಿಟ್ಟಿರೋ ನಿನ್ನ ಗಾಡಿ ಶನಿವಾರ ತಗೊಂಡು ಹೋಗು. ಮತ್ತೆ ಈ ಕಡೆ ತಲೆ ಹಾಕ್ಬೇಡ' ಅಂದ. ಗುಂಪಿನ ಹನ್ನೆರಡು ಜನಾನೂ ಅಂಗಡಿ ಬಿಟ್ಟು ಹೋದ್ರು. ಎಲ್ಲಾ ಖಾಯಂ ಗಿರಾಕಿಗಳು!"

ರೂ-ಪಿಂಗ್‌ನ ಕೈಯಲ್ಲಿದ್ದ ಚಾಪ್‌ಸ್ಟಿಕ್ ಅರ್ಧದಲ್ಲೇ ನಿಂತಿತು.

"ಮತ್ತೆ... ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ನೀನು ಉಸಿರು ಬಿಡೋಕೆ ಜಾಗ ಕೊಟ್ಟಿದ್ರೆ ತಾನೇ ತಾಯಿ!"

ಅವತ್ತೇ ಸಂಜೆ ರೂ-ಪಿಂಗ್ ಅಂಗಡಿಗೆ ನುಗ್ಗಿದಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ನೆಲದಲ್ಲಿ ಕೂತು ಚೈನು ಉಜ್ಜುತ್ತಿದ್ದ ದೆ-ಶೆಂಗ್‌ನ ಬತ್ತಿದ ಮುಖ ಕಂಡದ್ದೇ, ಎಲ್ಲಾ ಮರೆತುಹೋಗಿ ಸಿಟ್ಟೇ ಹೊರಗೆ ಬಂತು.

"ನಿಮಗೆ ಬಾಯಿಲ್ವಾ? ಮೆಸೇಜ್ ಮಾಡೋಕೆ ಬರಲ್ವಾ? ಕನ್ನಡಿ ಬಗ್ಗೆ ಮೂರು ಸಲ ಬರೆಯೋಕೆ ಬರುತ್ತೆ, 'ನಾನು ತಪ್ಪು ಮಾಡಿಲ್ಲ' ಅಂತ ಒಂದು ಸಲ ಬರೆಯೋಕೆ ಬರಲ್ವಾ?"

ದೆ-ಶೆಂಗ್ ಎದ್ದು ನಿಂತ. ಅವನ ಕಣ್ಣಿನಲ್ಲೂ ಕೆಂಡವಿತ್ತು.

"ನನಗೂ ಸಿಟ್ಟು ಬರುತ್ತೆ ರೂ-ಪಿಂಗ್! ಆ ಮನುಷ್ಯನ ಒಂದು ಮಾತು ಕೇಳಿ ನನ್ನನ್ನ ಅವನ ಜೊತೆ ಒಂದೇ ತಕ್ಕಡೀಲಿ ಹಾಕಿದ್ರಲ್ಲ! ಒಂದು ವಾರ ನಿಮ್ಮ ಬೆರಳಿಗೆ ಸರಿಹೋಗೋ ಕ್ಲಚ್ ಹುಡುಕಿಕೊಂಡು ಊರೆಲ್ಲ ಅಲೆದಿದ್ದೀನಿ. ಹಾಗಿದ್ದೂ ನಾನು ನಿಮ್ಮ ಮೇಲೆ ನಗ್ತೀನಿ ಅಂದ್ಕೊಂಡ್ರಲ್ಲ!"

"ಹೌದು, ಅಂದ್ಕೊಂಡೆ! ನಾಲ್ಕು ವರ್ಷ ನನ್ನ ಮೇಲೆ ನಕ್ಕಿದಾರೆ. ನಗು ಕೇಳಿಸಿದ್ರೆ ನನಗೆ ಬೇರೇನೂ ಕೇಳಿಸಲ್ಲ!"

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ದೆ-ಶೆಂಗ್‌ನ ಹೆಗಲು ಇಳಿಯಿತು. ದನಿಯೂ ಇಳಿಯಿತು.

"ಇನ್ನೊಂದು ವಿಷಯ ಹೇಳ್ಬೇಕು. ಅವತ್ತು ಫೋನ್‌ನಲ್ಲಿ ಅವನು ಮಾತಾಡಿದ್ದು ಕೇಳ್ತಾ ಕೇಳ್ತಾ... ನನ್ನ ಮಾತೇ ಅವನ ಬಾಯಲ್ಲಿ ಕೇಳಿಸಿದ ಹಾಗಾಯ್ತು. ನಾನೂ ನಿಮ್ಮನ್ನ ಏನೂ ಕೇಳ್ದೇ ಕೀ ಕಿತ್ಕೊಂಡಿದ್ದೆ. ನಾಚಿಕೆ ಆಯ್ತು. ಅದಕ್ಕೇ ಓಡಿಸಿ ನೋಡೋಕೆ ಕೊಟ್ಟೆ. ಶನಿವಾರ ಸುಮ್ಮನಿದ್ದಿದ್ದೂ ಅದಕ್ಕೇ. ನೀವು ಬೈದಿದ್ರಲ್ಲಿ ಸ್ವಲ್ಪ ನಿಜ ಇತ್ತು."

ರೂ-ಪಿಂಗ್‌ಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡು, ಮೂಗೆಳೆದುಕೊಂಡು ಕೇಳಿದಳು.

"ಯಾರಿಗೆ ತೋರಿಸೋಕೆ ಅಂತ ಕೇಳಿದ್ದು?"

"ಅದು ಕೇಳಬಾರದಿತ್ತು. ತಪ್ಪು."

"ತಪ್ಪಲ್ಲ. ಸರಿಯಾಗೇ ಇತ್ತು. ಅದಕ್ಕೇ ಅಷ್ಟು ನೋವಾಗಿದ್ದು." ಅವಳು ಉದ್ದ ಉಸಿರು ಬಿಟ್ಟಳು. "ನನಗೆ ಆ ಕಪ್ಪು ಬೈಕು ಬೇಡ."

"ಹಾಗಾದ್ರೆ ನೀಲಿ ಐನೂರು..."

"ಅದೂ ಬೇಡ! ಅವನಿಗೆ ತೋರಿಸೋದೂ ಬೇಡ, ನೀವು ಹೇಳಿದ್ದೂ ಬೇಡ." ಅವಳು ಗೋಡೆಯ ಬದಿಯಲ್ಲಿ, ಎರಡು ಸ್ಕೂಟರ್‌ಗಳ ಹಿಂದೆ ಧೂಳು ಹಿಡಿದು ನಿಂತ ಬೂದು ಬಣ್ಣದ ಬೈಕಿನತ್ತ ಬೆರಳು ತೋರಿಸಿದಳು. "ಅದೆಷ್ಟು ಸಿಸಿ?"

"ಏಳುನೂರು. ಎರಡು ಸಿಲಿಂಡರ್..." ದೆ-ಶೆಂಗ್ ಮಾತು ನಿಲ್ಲಿಸಿದ. ಅವಳ ಕೈ ನೋಡಿದ, ಬೈಕ್ ನೋಡಿದ. "ಸಣಕಲು, ಕಪ್ಪು ಬೈಕಿಗಿಂತ ಹಗುರ. ಕಡಿಮೆ ವೇಗದಲ್ಲೇ ಚೆನ್ನಾಗಿ ಎಳೆಯುತ್ತೆ. ಅಯ್ಯೋ, ಇದು ನನಗೆ ಯಾಕೆ ಹೊಳೀಲಿಲ್ಲ!"

"ಯಾಕಂದ್ರೆ ನೀವು ಉಪದೇಶ ಮಾಡೋದ್ರಲ್ಲಿ ಬ್ಯುಸಿ ಇದ್ರಿ. ಕೀ ಕೊಡಿ."

ಸಂಜೆಯ ಟ್ರಾಫಿಕ್ ಅವತ್ತೂ ಅಷ್ಟೇ ಇತ್ತು. ಆದರೆ ಬೂದು ಬೈಕ್ ಅವಳ ಕೈಕೆಳಗೆ ನೆಗೆಯಲೂ ಇಲ್ಲ, ಜಗ್ಗಲೂ ಇಲ್ಲ. ಸಂದಿಯಿದ್ದಲ್ಲಿ ನುಸುಳಿತು, ಜಾಗ ಸಿಕ್ಕಲ್ಲಿ ಎದೆ ಝಲ್ಲೆನ್ನುವಷ್ಟು ನುಗ್ಗಿತು. ಬಂದರಿನ ಉದ್ದ ರಸ್ತೆಯಲ್ಲಿ ಲಾರಿಗಳನ್ನು ಹಿಂದೆ ಹಾಕಿ ಓಡುವಾಗ ಅವಳ ಬಾಯಿಂದ ಒಂದು ಕೂಗು ಹೊರಟಿತು. ಜೋರಾಗಿ, ಹೆಲ್ಮೆಟ್ಟಿನೊಳಗೇ. ಆ ಒಂದು ಗಂಟೆಯಲ್ಲಿ ಜೀ-ಯುವಾನ್‌ನ ನೆನಪು ಒಮ್ಮೆಯೂ ಬರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಅಂಗಡಿಯ ಮುಂದೆ ಎಂಜಿನ್ ಆರಿಸಿದ ಮೇಲೆ.

"ಇದೇ," ಎಂದಳು. "ಇವತ್ತೇ."

"ಇವತ್ತಾ!" ಹ್ವಾ ಅತ್ತೆ ಎದೆ ಮುಟ್ಟಿಕೊಂಡರು. "ಭೂತಗಳ ತಿಂಗಳಲ್ಲಿ ಗಾಡಿ ತಗೊಳ್ತಾರೇನೇ? ಯಾವುದಾದ್ರೂ ಭೂತ ಮೆಟ್ಕೊಂಡ್ರೆ?"

"ಅತ್ತೆ, ನನ್ನ ಸಿಟ್ಟು ನೋಡಿದ್ರೆ ಭೂತಾನೇ ಇಳಿದು ಓಡಿಹೋಗುತ್ತೆ."

ದೆ-ಶೆಂಗ್ ನಕ್ಕುಬಿಟ್ಟ. ಇಷ್ಟು ದಿನದಲ್ಲಿ ಅವಳು ಅವನ ನಗು ಕೇಳಿದ್ದು ಅದೇ ಮೊದಲು. ಅದರಲ್ಲಿ ಅವಮಾನದ ಚೂರೂ ಇರಲಿಲ್ಲ. ಅತ್ತೆ ಇಬ್ಬರ ಮುಖವನ್ನೂ ನೋಡಿ, ಕೈ ಮುಗಿಯಲು ಊದುಬತ್ತಿ ತರುತ್ತೇನೆಂದು ಗೊಣಗುತ್ತಾ ಒಳಗೆ ಹೋದರು.

ಇಬ್ಬರೇ ಉಳಿದರು.

"ರೂ-ಪಿಂಗ್..." ಅವನು ಬನಿಯನ್ ತುಂಡನ್ನು ಹಿಂಡುತ್ತಾ ನಿಂತ. "ಊಟ ಆಯ್ತಾ ಅಂತ ತಪ್ಪಾಗಿ ಟೈಪ್ ಆಗಿದ್ದಲ್ಲ."

"ಗೊತ್ತು."

"ಗೊತ್ತಾ? ಮತ್ತೆ ಉತ್ತರ ಯಾಕೆ ಕೊಡ್ಲಿಲ್ಲ?"

"ನೀವು ಕನ್ನಡಿ ಬಗ್ಗೆ ಹೇಳಿ ಅಂದ್ರಲ್ಲ, ಕನ್ನಡಿ ಬಗ್ಗೆ ಹೇಳ್ದೆ!"

"ಈ ಹದಿನೆಂಟು ದಿನ ನೀವು ಬೈಯೋಕಾದ್ರೂ ಬರ್ತೀರಿ ಅಂತ ಬಾಗಿಲು ನೋಡ್ತಾ ಕೂತಿದ್ದೆ. ನನಗೆ ನೀವು ಇಷ್ಟ. ಸಿಟ್ಟು ಮಾಡ್ಕೊಂಡಿರೋವಾಗ್ಲೂ... ಸಿಟ್ಟು ಮಾಡ್ಕೊಂಡಿರೋವಾಗ ಜಾಸ್ತೀನೇ."

ರೂ-ಪಿಂಗ್ ತಲೆ ತಗ್ಗಿಸಿದಳು. ಕೆನ್ನೆ ಬಿಸಿಯಾಯಿತು. ಗ್ರೀಸು ಮೆತ್ತಿದ ಅವನ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. ಹೊಸ ಜಾಕೆಟ್ಟಿನ ತೋಳಿಗೆ ಕಪ್ಪು ಕಲೆಯಾಯಿತು. ಅವಳು ನೋಡಲೂ ಇಲ್ಲ.

"ಇನ್ನೊಂದು ಸಲ 'ನೀವು' ಅಂದ್ರೆ ಹೊರಟು ಹೋಗ್ತೀನಿ," ಎಂದಳು.

"ಸರಿ... ನೀನು." ಅವನು ಆ ಒಂದು ಪದವನ್ನು ಬಲು ಜೋಪಾನವಾಗಿ ಆಡಿದ. "ಸಿಟ್ಟು ಇಳೀತಾ?"

"ಎಲ್ಲಿ! ಇನ್ನೂ ಅರ್ಧ ಬಾಕಿ ಇದೆ."

"ಆ ಅರ್ಧ ಯಾವಾಗ?"

"ನಾಳೆ ಬರ್ತೀನಿ. ನಾಡಿದ್ದೂ ಬರ್ತೀನಿ. ನನಗೆ ನೀನು ಇಷ್ಟ ಕಣೋ, ಅಷ್ಟು ಬೇಗ ಮುಗಿಸಿಬಿಡ್ತೀನಾ?"

ದೆ-ಶೆಂಗ್ ಅವಳ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಸೇರಿಸಿಕೊಂಡ.

"ಬಾ... ನಿಧಾನವಾಗಿ ಬಯ್ಯಿ. ನನಗೇನೂ ಅವಸರ ಇಲ್ಲ."